ಫ್ಯಾನ್ ಮನೆಯ ಎಂಟು ಪಿನ್ನು

ಏಳನೆಯ ಕಂತು

"ಇನ್ನೊಂದ್ಸಲ ನೋಡಮ್ಮ. ಅವು ಗೆರೆನಾ, ಗುಳಿನಾ?"

ಮುನಿಗಂಗಮ್ಮ ಭೂತಗನ್ನಡಿಯನ್ನು ಕಣ್ಣಿಗೆ ಹತ್ತಿರ ತಂದುಕೊಂಡು, ಸೀಮೆಎಣ್ಣೆಯಲ್ಲಿ ತೊಳೆದಿಟ್ಟಿದ್ದ ಬೇರಿಂಗಿನ ಮೇಲೆ ಬಾಗಿದಳು. ಬೆಳಗಿನ ಬಿಸಿಲು ಕಿಟಕಿಯಿಂದ ನೇರವಾಗಿ ಬೆಂಚಿನ ಮೇಲೆ ಬಿದ್ದಿತ್ತು.

"ಗುಳಿ ಸಾಮಿ. ಸುಟ್ಟ ಗುಳಿ. ಒಲೆ ಕಿಡಿ ಬಿದ್ದ ಚಾಪೆ ಇರ್ತದಲ್ಲ, ಅಂಗೆ."

"ಚೆಲ್ಲಾಪಿಲ್ಲಿ ಅವೆಯೋ, ಸಾಲಾಗಿ ಅವೆಯೋ?"

"ಸಾಲಾಗವೆ. ಒಂದ್ರಿಂದ ಒಂದ್ಕೆ ಒಂದೇ ದೂರ. ಕೂರಿಗೇಲಿ ಕಾಳು ಬಿಟ್ಟಂಗೆ."

ಗೊತ್ತಿರುವುದನ್ನೇ ಪರೀಕ್ಷೆಗೆಂದು ಕೇಳಿದವನಂತೆ ಅಶ್ವತ್ಥಪ್ಪ ತಲೆಯಾಡಿಸಿದ. ಅವನಿಗೆ ಕಂಡದ್ದು ಉಕ್ಕಿನ ಹೊಳಪು ಮಾತ್ರ, ಅದರ ಮೇಲೆ ಮಂಜು. ಒಂದು ವರ್ಷದಿಂದ ಅವನ ಕಣ್ಣಿಗೆ ಹತ್ತಿರದ್ದೆಲ್ಲ ಹೀಗೇ. ಹೆಬ್ಬೆರಳಿನ ಉಗುರನ್ನು ಬೇರಿಂಗಿನ ಒಳಬಳೆಯ ಮೇಲೆ ನಿಧಾನವಾಗಿ ಎಳೆದ. ಉಗುರು ಸಿಕ್ಕಿಕೊಂಡಿತು, ಜಾರಿತು, ಮತ್ತೆ ಅಷ್ಟೇ ದೂರಕ್ಕೆ ಸಿಕ್ಕಿಕೊಂಡಿತು. ಅವಳು ಹೇಳಿದ್ದು ನಿಜ.

ಮೂರು ವಾರದ ಹಿಂದೆ ಬಂಗಾರಪೇಟೆಯಾಚೆಯ ರಟ್ಟಿನ ಕಾರ್ಖಾನೆಯಲ್ಲಿ ಬಾಯ್ಲರಿನ ಹೊಗೆ ಎಳೆಯುವ ಆಳೆತ್ತರದ ಫ್ಯಾನು ಓಡುತ್ತಿದ್ದ ಹಾಗೇ ಒಡೆದು, ಕಿತ್ತುಬಂದ ರೆಕ್ಕೆ ಬಡಿದು ಬಾಯ್ಲರ್ ನೋಡಿಕೊಳ್ಳುತ್ತಿದ್ದ ಜಯರಾಮಪ್ಪ ಸತ್ತಿದ್ದ. ಫಿಟ್ಟರ್ ಆಂಜಿನಪ್ಪ ಫ್ಯಾನನ್ನು ಮೋಟಾರಿಗೆ ಜೋಡಿಸುವ ಪಿನ್ನು ಬೇಕೆಂದೇ ಕಿತ್ತದ್ದರಿಂದ ಹೀಗಾಯಿತು ಎಂದು ಪೊಲೀಸರಿಗೆ ಬರೆದುಕೊಟ್ಟವನು ಇದೇ ಅಶ್ವತ್ಥಪ್ಪ. ಈಗ ಅವನೆದುರು ಕನ್ನಡಿ ಹಿಡಿದು ನಿಂತಿದ್ದವಳು ಆಂಜಿನಪ್ಪನ ಹೆಂಡತಿ.

ಅವಳೂ ಅದೇ ಕಾರ್ಖಾನೆಯ ಅಂಗಳದಲ್ಲಿ ರದ್ದಿ ಕಾಗದ ಆರಿಸುವ ಕೂಲಿಯವಳು. ಪೊಲೀಸರು ಸೀಲು ಹಾಕಿದ ಮೋಟಾರು, ಕಪ್ಲಿಂಗು ಬಿಟ್ಟು ಮಿಕ್ಕ ಒಡಕಲನ್ನೆಲ್ಲ ಗುಜರಿಗೆ ಹಾಕಲು ಮಾಲೀಕರು ಹೇಳಿದ್ದರಂತೆ. ಲಾರಿ ಬರುವಷ್ಟರಲ್ಲಿ ಈ ಬೇರಿಂಗನ್ನು ರಾಗಿ ಚೀಲದೊಳಗೆ ಹಾಕಿ, ಎಂಟು ಕೇಜಿ ಕಬ್ಬಿಣವನ್ನು ಸೊಂಟದ ಮೇಲೆ ಹೊತ್ತು, ಮೊದಲ ರೈಲಿಗೆ ಮಾರಿಕುಪ್ಪಂವರೆಗೆ ತಂದಿದ್ದಳು.

"ಜೈಲಿಗೆ ನೋಡಕ್ಕೆ ಓಗಿದ್ದಾಗ ಅವ್ನೇ ಏಳಿದ್ದು ಸಾಮಿ," ಎಂದಳು. "ಬೇರಿಂಗ್ನ ಮೇಸ್ತ್ರಿಗೆ ಕೊಡು, ಬಿಚ್ಚಿ ನೋಡ್ದೆ ಅವ್ರು ಯಾವತ್ತೂ ಮಾತಾಡೋರಲ್ಲ ಅಂದ."

ಅಶ್ವತ್ಥಪ್ಪ ಕೈಯನ್ನು ಬಟ್ಟೆಗೆ ಒರೆಸಿಕೊಂಡ. ಒರೆಸಿದ ಮೇಲೂ ಒರೆಸುತ್ತಲೇ ಇದ್ದ.

ಗಣಿಯ ಮೆಷಿನ್ ಶಾಪಿನಲ್ಲಿ ಇಪ್ಪತ್ತೆಂಟು ವರ್ಷ ಅವನು ಹುಡುಗರಿಗೆ ಹೇಳಿಕೊಟ್ಟದ್ದು ಆ ಒಂದೇ ಮಾತು. ಬಿಚ್ಚಿ ನೋಡು, ಆಮೇಲೆ ಬಾಯಿ ಬಿಡು. ಸುರಂಗಕ್ಕೆ ಗಾಳಿ ಹೊಡೆಯುವ ಫ್ಯಾನು ಅವನ ಕೈಯಲ್ಲಿ ಒಂಬತ್ತು ವರ್ಷ ಅದೇ ಬೇರಿಂಗಿನ ಮೇಲೆ ಓಡಿತ್ತು. ಮೋಟಾರಿನ ಶಾಫ್ಟೂ ಫ್ಯಾನಿನ ಶಾಫ್ಟೂ ಒಂದೇ ಗೆರೆಯಲ್ಲಿರಬೇಕು, ತಲೆಕೂದಲಿನ ದಪ್ಪದಷ್ಟೂ ಆಚೀಚೆ ಇರಬಾರದು ಎಂದು ಗೇಜು ಇಟ್ಟು ಅಳೆಯುತ್ತಿದ್ದ. ಮೋಟಾರಿನ ನಾಲ್ಕು ಕಾಲಲ್ಲಿ ಒಂದು ನೆಲಕ್ಕೆ ಸರಿಯಾಗಿ ಊರದಿದ್ದರೆ ಕೆಳಗೆ ತೆಳು ಹಿತ್ತಾಳೆ ತಗಡು ಕೊಡದೆ ಬೋಲ್ಟು ಬಿಗಿಯಲು ಬಿಡುತ್ತಿರಲಿಲ್ಲ. ಬೇರಿಂಗ್ ಮುಟ್ಟುವ ಮುಂಚೆ ಕೈ ತೊಳೆಸುತ್ತಿದ್ದ. ಸುತ್ತಿಗೆ ಹಿಡಿದು ಬಂದವನನ್ನು ವಾಪಸು ಕಳಿಸಿ, ಬೇರಿಂಗನ್ನು ಎಣ್ಣೆಯಲ್ಲಿ ಕಾಯಿಸಿ ಕೂರಿಸುತ್ತಿದ್ದ. ಗೇಜ್ ಅಶ್ವತ್ಥಪ್ಪ ಎಂದೇ ಹೆಸರು ಬಿದ್ದಿತ್ತು. ಗಣಿ ಬಿಟ್ಟು ಮಾರಿಕುಪ್ಪಂನಲ್ಲಿ ಈ ವರ್ಕ್‌ಶಾಪ್ ತೆರೆದ ಮೇಲೆ ಮಿಲ್ಲಿನವರು ಇಲ್ಲಿಗೇ ಫೋನ್ ಮಾಡಿ ಕರೆಸಿಕೊಳ್ಳುತ್ತಿದ್ದರು.

ಅಂಥವನು ಮೂರು ವಾರದ ಹಿಂದೆ ಆ ಫ್ಯಾನ್ ಮನೆಯಲ್ಲಿ ಇದ್ದದ್ದು ಅರ್ಧ ಗಂಟೆ. ಹೊಗೆಮಸಿ, ಮಬ್ಬು ಬೆಳಕು, ಸುತ್ತ ಪೊಲೀಸರು. ಅವನ ಕಣ್ಣಿಗೆ ಏನೂ ಹತ್ತಿರಲಿಲ್ಲ. ಆಂಜಿನಪ್ಪನ ಬಟ್ಟೆಚೀಲದಲ್ಲಿ ಕಪ್ಲಿಂಗ್ ಪಿನ್ನು ಸಿಕ್ಕಿವೆ ಎಂದು ಯಾರೋ ಹೇಳಿದರು. ಮಾಲೀಕರ ಕೋಣೆಯಲ್ಲಿ ಕುರ್ಚಿ ಕೊಟ್ಟರು, ಬಾದಾಮಿ ಹಾಲು ಕೊಟ್ಟರು. ಇನ್‌ಸ್ಪೆಕ್ಟರು ಕಾಗದ ಮುಂದಿಟ್ಟರು. ಇನ್ನೊಮ್ಮೆ ನೋಡಬೇಕು ಎಂದರೆ ಎಲ್ಲಿ ಕಣ್ಣಿನ ವಿಷಯ ಗೊತ್ತಾಗಿಬಿಡುತ್ತದೋ ಎಂದು ಹೆದರಿ, ಗಟ್ಟಿ ದನಿಯಲ್ಲಿ ಹೇಳಿ ಬರೆಸಿ, ರುಜು ಹಾಕಿ ಎದ್ದುಬಂದಿದ್ದ.

"ಅಣ್ಣಾ," ಎಂದ ಮುನಿನಾರಾಯಣಪ್ಪ ಹಿಂದಿನಿಂದ. ಅಶ್ವತ್ಥಪ್ಪನ ತಮ್ಮ, ಹತ್ತು ವರ್ಷ ಚಿಕ್ಕವನು. ವರ್ಕ್‌ಶಾಪಿನ ಲೆಕ್ಕಪತ್ರ, ಫೋನು, ಗಿರಾಕಿಗಳ ಮಾತುಕತೆ ಎಲ್ಲ ಅವನದೇ. ಅರ ಹಿಡಿದು ಏನೋ ಉಜ್ಜುತ್ತಿದ್ದವನು ಆಗಲೇ ನಿಲ್ಲಿಸಿದ್ದ. "ಪೊಲೀಸ್ನೋರು ಮುಗಿಸಿದ್ ಕೇಸ್ನ ಮತ್ಯಾಕೆ ಕೆದಕ್ತೀಯ? ಆಯಮ್ಮನ್ನ ಕಳ್ಸು."

"ಇದು ವೆಲ್ಡಿಂಗ್ ಕರೆಂಟು ಸುಟ್ಟ ಗುರುತು ಕಣೋ. ಆ ಫ್ಯಾನಿಗೆ ಯಾರೋ ವೆಲ್ಡಿಂಗ್ ಮಾಡವ್ರೆ."

ತಮ್ಮ ಅಂಗಿ ತೊಟ್ಟುಕೊಂಡು, ಗ್ರೀಸ್ ತರಬೇಕು, ಪೇಟೆಗೆ ಓಗಿ ಬತ್ತೀನಿ ಎಂದು ಹೊರಟುಹೋದ.

ಅಶ್ವತ್ಥಪ್ಪ ಮೂಲೆಯಲ್ಲಿದ್ದ ಚಪ್ಪಲಿ ಮೆಟ್ಟಿಕೊಂಡ.

"ನಡಿಯಮ್ಮ. ಕಾರ್ಖಾನೆಗೆ ಓಗಣ."

ರೈಲು ಹತ್ತುವಾಗ ಮೆಟ್ಟಿಲಿನ ಅಂಚು ಅವನಿಗೆ ಸರಿಯಾಗಿ ಕಾಣಲಿಲ್ಲ. ಕಾಲು ಗಾಳಿಯಲ್ಲಿ ತಡವರಿಸಿತು. ಮುನಿಗಂಗಮ್ಮ ಅವನ ಮೊಣಕೈ ಹಿಡಿದು ಮೇಲೆ ಹತ್ತಿಸಿದಳು. ಹತ್ತಿಸಿದ ಕೂಡಲೇ ಕೈ ಬಿಟ್ಟು ದೂರ ನಿಂತಳು. ಕಣ್ಣಿನ ವಿಷಯ ಅವಳಿಗೆ ಗೊತ್ತಾಗಿದೆ ಎಂದು ಅವನಿಗೆ ಆಗ ತಿಳಿಯಿತು.

"ವಾಂಗ ಮೇಸ್ತ್ರಿ, ಇಂಗೆ ಉಕ್ಕಾರುಂಗ," ಎಂದು ತಮಿಳಿನಲ್ಲಿ ಕರೆದು ಗಣಿಯ ಹಳೆಯ ಕೆಲಸಗಾರನೊಬ್ಬ ಎದ್ದು ಜಾಗ ಬಿಟ್ಟ. ಆ ಮರ್ಯಾದೆ ಅವತ್ತು ಮೈಗೆ ಚುಚ್ಚಿತು. ಬೇಡ ಎಂದರೂ ಅವನು ಬಿಡಲಿಲ್ಲ. ಅಶ್ವತ್ಥಪ್ಪ ಮುಖವನ್ನು ಕಿಟಕಿಯತ್ತ ತಿರುಗಿಸಿ ಕೂತ.

ಕೋರಮಂಡಲ್ ದಾಟಿದ ಮೇಲೆ ಕೇಳಿದ, "ಆಂಜಿನಪ್ಪ ಆ ಪಿನ್ನು ಯಾಕೆ ಕಿತ್ತ ಅಂತ ನಿಂಗೇನಾದ್ರೂ ಏಳಿದ್ನಾ?"

"ಅದ್ನ ಎಲ್ರಿಗೂ ಏಳ್ದ. ಯಾರೂ ನಂಬ್ನಿಲ್ಲ." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. "ಓಡಬಾರ್ದು ಅಂತ ಕಿತ್ತೆ ಅಂದ. ಎರಡು ವರ್ಸದ ಹಿಂದೆ ನೀವು ಮಿಲ್ಲಿಗೆ ಬಂದು ಆರು ದಿನ ಕೆಲ್ಸ ಏಳ್ಕೊಟ್ರಂತಲ್ಲ. ಆವಾಗ ನೀವೇ ಅಂದ್ರಂತೆ, ಓಡಬಾರದ ಮೆಷಿನ್ನಿನ ಪಿನ್ನು ಅಷ್ಟೂ ಕಿತ್ತು ನಿನ್ನತ್ರ ಇಟ್ಕೋ, ಆಮೇಲೆ ಯಾವನೂ ಓಡ್ಸೋಕಾಗಲ್ಲ ಅಂತ."

ಅಂದಿದ್ದ. ಗಣಿಯಲ್ಲಿ ಅದು ಕಟ್ಟುನಿಟ್ಟಿನ ನಿಯಮ. ಕಪ್ಲಿಂಗ್ ಎಂದರೆ ಎರಡು ಶಾಫ್ಟಿನ ತುದಿಗೂ ಇರುವ ಎರಡು ದಪ್ಪ ತಟ್ಟೆ. ಅವೆರಡನ್ನೂ ಹಿಡಿದಿಡುವುದು ಪಿನ್ನು. ಅಷ್ಟನ್ನೂ ಕಿತ್ತರೆ ಮೋಟಾರು ತನ್ನಷ್ಟಕ್ಕೆ ತಿರುಗುತ್ತದೆ, ಫ್ಯಾನು ಅಲ್ಲಾಡುವುದಿಲ್ಲ. ತಾನು ಹೇಳಿಕೊಟ್ಟದ್ದನ್ನು ಅಕ್ಷರಶಃ ಮಾಡಿದವನನ್ನು ಕೊಲೆಗಾರ ಎಂದು ತಾನೇ ಬರೆದುಕೊಟ್ಟಿದ್ದ. ಅಷ್ಟೂ ಪಿನ್ನು ಕಿತ್ತಿದ್ದರೆ ಫ್ಯಾನು ಓಡಿದ್ದು ಹೇಗೆ ಎಂದು ಅವತ್ತು ಯೋಚಿಸಲೇ ಇಲ್ಲ. ಅರ್ಧ ಕಿತ್ತಿರಬೇಕು, ಉಳಿದರ್ಧದ ಮೇಲೆ ಓಡಿ ಒಡೆದಿದೆ ಎಂದುಬಿಟ್ಟಿದ್ದ. ಚೀಲದಲ್ಲಿದ್ದ ಪಿನ್ನುಗಳನ್ನು ಎಣಿಸಿಯೂ ಇರಲಿಲ್ಲ.

"ಅವ್ನು ನನ್ನ ಏನಾದ್ರೂ ಬೈತಾನಾ?" ಎಂದು ಕೇಳಬೇಕೆನಿಸಿತು. ಬೈಯುತ್ತಾನೆ ಎಂದಿದ್ದರೆ ಸಮಾಧಾನವಾಗುತ್ತಿತ್ತು. ಕೇಳುವ ಧೈರ್ಯ ಬರಲಿಲ್ಲ.

ಫ್ಯಾನ್ ಮನೆಯ ಬಾಗಿಲಿಗೆ ಪೊಲೀಸರ ಹಗ್ಗ ಕಟ್ಟಿತ್ತು. ಕಾವಲಿನವನು ಮೇಸ್ತ್ರಿಯನ್ನು ಕಂಡು ತಾನೇ ಹಗ್ಗ ಎತ್ತಿದ. ಒಳಗೆ ಸೀಳಿದ ತಗಡಿನಿಂದ ಬೆಳಕು ಇಳಿಯುತ್ತಿತ್ತು. ಜಯರಾಮಪ್ಪ ಬಿದ್ದಿದ್ದ ಜಾಗಕ್ಕೆ ಮರಳು ಹರಡಿದ್ದರು.

ಅಶ್ವತ್ಥಪ್ಪ ಕಪ್ಲಿಂಗಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಈ ಸಲ ಕಣ್ಣಿಗೆ ಕೆಲಸ ಕೊಡಲಿಲ್ಲ. ಕಿರುಬೆರಳನ್ನು ಒಂದೊಂದು ತೂತಿನೊಳಗೂ ಹಾಕಿ ತಡವಿದ. ಪಿನ್ನು ಕನ್ನಡಿಯಂತೆ ನುಣುಪಾಗಿ ಕಡೆದದ್ದು, ಅದು ಕೂತ ತೂತು ನುಣುಪಾಗಿರಬೇಕು. ಇಲ್ಲಿ ಬೆರಳಿಗೆ ತರಿತರಿ ಸಿಕ್ಕಿತು, ಬೋಲ್ಟಿನ ಥ್ರೆಡ್ಡು ಉಜ್ಜಿದ ಗುರುತು. ಐದನೆಯ ತೂತಿನಲ್ಲಿ ತುಂಡಾದ ಬೋಲ್ಟೊಂದು ಇನ್ನೂ ಕೂತಿತ್ತು. ಅದರ ತಲೆಗೆ ಆರು ಮೂಲೆ.

"ಸಂತೆ ಬೋಲ್ಟು," ಎಂದ ತನ್ನಷ್ಟಕ್ಕೆ.

ಪಿನ್ನು ಎಲ್ಲವನ್ನೂ ಆಂಜಿನಪ್ಪ ಕಿತ್ತಿದ್ದ. ಬೇರೆ ಯಾರೋ ಬಂದು ಸಿಕ್ಕಿದ ಬೋಲ್ಟು ತುರುಕಿ ಓಡಿಸಿದ್ದರು. ಆ ಬೋಲ್ಟು ಅವತ್ತೂ ಇಲ್ಲೇ ಇತ್ತು, ಎಲ್ಲರ ಕಣ್ಣೆದುರು. ಅವನು ಇದರಿಂದ ಎರಡಡಿ ದೂರದಲ್ಲಿ ನಿಂತು ಭಾಷಣ ಮಾಡಿದ್ದ.

"ಸಾರ್, ನೀವ್ಯಾವಾಗ ಬಂದ್ರಿ?"

ಬಾಗಿಲಲ್ಲಿ ಆದಿನಾರಾಯಣ ನಿಂತಿದ್ದ. ಕಾರ್ಖಾನೆಯ ಯಂತ್ರಗಳ ಉಸ್ತುವಾರಿ ಅವನದು. ಡಿಪ್ಲೊಮಾ ಮುಗಿಸಿ ಬಂದಾಗ ಗಣಿಯ ಮೆಷಿನ್ ಶಾಪಿನಲ್ಲಿ ಅಶ್ವತ್ಥಪ್ಪನ ಕೈಕೆಳಗೇ ಒಂದು ವರ್ಷ ಪಳಗಿದ್ದ.

"ವೆಲ್ಡಿಂಗ್ ಯಾವತ್ತು ಮಾಡಿಸ್ದೆ?"

"ಯಾವ ವೆಲ್ಡಿಂಗ್ ಸಾರ್?"

"ಕರೆಂಟು ವಾಪಸ್ ಓಗೋ ಅರ್ತ್ ಕ್ಲಿಪ್ಪನ್ನ ಅಡಿಪಾಯದ ಕಬ್ಬಿಣಕ್ಕೆ ಸಿಗಿಸಿ ಮಾಡಿಸಿದ್ಯಲ್ಲ, ಆ ವೆಲ್ಡಿಂಗ್. ಕರೆಂಟು ಬೇರಿಂಗ್ ದಾಟ್ಕೊಂಡೇ ಓಗಿದೆ. ಒಂದೊಂದು ರೋಲರ್ ಕೂತಿದ್ದ ಜಾಗವೂ ಸುಟ್ಟಿದೆ. ರೆಕ್ಕೆಗೇ ಕ್ಲಿಪ್ಪು ಹಾಕ್ಬೇಕು ಅಂತ ನಿಂಗೆ ನಾನು ಏಳ್ಕೊಟ್ಟಿರ್ಲಿಲ್ವಾ?"

ಆದಿನಾರಾಯಣ ಬಾಗಿಲ ಹೊರಗೆ ನಿಂತಿದ್ದ ಮುನಿಗಂಗಮ್ಮನನ್ನು ನೋಡಿದ. ಆಮೇಲೆ ನೆಲ ನೋಡಿದ.

"ಒಡೆಯೋದಕ್ಕೆ ಎರಡು ದಿನ ಮುಂಚೆ, ಭಾನುವಾರ ಸಾರ್. ಸ್ಟೇಷನ್ ರಸ್ತೆ ವೆಲ್ಡರ್ ದೊಡ್ಡವೆಂಕಟಪ್ಪನ ಕರೆಸಿದ್ದೆ. ರೆಕ್ಕೆ ಬುಡದಲ್ಲಿ ಬಿರುಕು ಬಿಟ್ಟಿತ್ತು, ಒಂದು ಬೆರಳುದ್ದ. ಹೊಸ ಫ್ಯಾನು ಬರೋಕೆ ಎರಡು ತಿಂಗಳು ಅಂದ್ರು. ಅಲ್ಲೀವರೆಗೂ ನಿಲ್ಲಿಸೋಕಾಗಲ್ಲ, ಹೇಗಾದ್ರೂ ಓಡ್ಸು ಅಂತ ಮಾಲೀಕರ ಹಟ."

"ಸೋಮವಾರ ಓಡಿಸ್ದಾಗ?"

"ಅಲುಗಾಟ ಸಾರ್. ಬೇರಿಂಗ್ ಪೆಟ್ಟಿಗೆ ಮೇಲೆ ನೀರಿನ ಲೋಟ ಇಟ್ರೆ ಅರ್ಧ ಚೆಲ್ಲಿಹೋಯ್ತು. ಆಂಜಿನಪ್ಪ ಸಂಜೆ ನಿಲ್ಲಿಸಿ ಪಿನ್ನು ಕಿತ್ಕೊಂಡು ಹೋದ. ರೆಕ್ಕೆ ಬದಲಾಯಿಸೋವರೆಗೂ ಕೊಡಲ್ಲ ಅಂದ. ಮಾಲೀಕರ ಹತ್ರ ಜಗಳಾನೂ ಆಡ್ದ."

"ಮಂಗಳವಾರ ಬೋಲ್ಟು ಹಾಕಿದ್ಯಾರು?"

"ನಾನೇ."

ಆ ಪದ ಎಷ್ಟು ಮೆಲ್ಲಗೆ ಬಂತೆಂದರೆ ಮುನಿಗಂಗಮ್ಮ ಒಂದು ಹೆಜ್ಜೆ ಮುಂದೆ ಬಂದಳು.

ಅಶ್ವತ್ಥಪ್ಪ ಮೊಣಕಾಲಿಗೆ ಕೈಯೂರಿ ಎದ್ದ. "ಮೂರು ವಾರ. ಮೂರು ವಾರ ನೀನು ಅಂಗಳದಾಗೆ ಇವಳ ಮುಖ ನೋಡ್ಕೊಂಡು ಓಡಾಡಿದ್ಯಲ್ಲೋ."

"ನೋಡ್ಲಿಲ್ಲ ಸಾರ್. ಹಿಂಬಾಗಿಲಲ್ಲಿ ಓಡಾಡ್ತಿದ್ದೆ." ಅವನು ತಲೆ ಎತ್ತಿದ. "ಆದ್ರೆ ನಾನಾಗೇ ಓಡಿಸ್ಲಿಲ್ಲ. ನಿಮ್ಮನ್ನ ಕೇಳಿಯೇ ಓಡಿಸಿದ್ದು."

"ನನ್ನನ್ನ?"

ಆದಿನಾರಾಯಣ ಒಳಗೆ ಹೋಗಿ ಕಬ್ಬಿಣದ ಬೀರು ತೆರೆದು, ಕಾಗದದ ಕೆಳಗೆ ಬಚ್ಚಿಟ್ಟಿದ್ದ ಲಾಗ್ ಪುಸ್ತಕ ತಂದ. ಯಂತ್ರ ಯಾವಾಗ ನಿಂತಿತು, ಯಾವಾಗ ಓಡಿತು ಎಂದು ದಿನದಿನ ಬರೆಯುವ ಪುಸ್ತಕ. ಒಂದು ಪುಟ ಬಿಡಿಸಿ ಅವನ ಕೈಗಿಟ್ಟ.

ಅಶ್ವತ್ಥಪ್ಪ ಪುಸ್ತಕವನ್ನು ಹತ್ತಿರ ತಂದ. ದೂರ ಹಿಡಿದ. ಬೆಳಕಿನ ಕಡೆ ತಿರುಗಿಸಿದ. ಶಾಯಿ ಇರುವೆ ಹರಿದ ಹಾಗೆ ಕಾಣುತ್ತಿತ್ತೇ ಹೊರತು ಒಂದು ಅಕ್ಷರವೂ ನಿಲ್ಲಲಿಲ್ಲ.

"ಕನ್ನಡಕ ತಂದಿಲ್ವಾ ಸಾರ್?"

ಇನ್ನೂ ಮುಚ್ಚಿಡಬಹುದಿತ್ತು. ಮರೆತು ಬಂದೆ ಎನ್ನಬಹುದಿತ್ತು. ಒಂದು ವರ್ಷದಿಂದ ಹಾಗೇ ಅಂದುಕೊಂಡು ಬಂದಿದ್ದ. ಆದರೆ ಬಾಗಿಲ ಬಳಿ ಅವನ ಮೊಣಕೈ ಹಿಡಿದು ರೈಲು ಹತ್ತಿಸಿದವಳು ನಿಂತಿದ್ದಳು.

"ಕನ್ನಡಕದಾಗೆ ಆಗೋದಲ್ಲ ಕಣಯ್ಯ," ಎಂದ. "ಒಂದ್ ವರ್ಷದಿಂದ ನಂಗೆ ಗೇಜಿನ ಮುಳ್ಳು ಕಾಣ್ತಿಲ್ಲ."

ಆದಿನಾರಾಯಣನ ಬಾಯಿ ಅರ್ಧ ತೆರೆದುಕೊಂಡಿತು. "ಮತ್ತೆ ಆಷಾಢದಲ್ಲಿ ಬಂದು ಇದೇ ಫ್ಯಾನಿನ ಶಾಫ್ಟ್ ಸರಿ ಮಾಡಿಕೊಟ್ರಲ್ಲ. ವ್ಯತ್ಯಾಸ ಇಂಚಿನ ಸಾವಿರದಲ್ಲಿ ಎರಡಂಶ ಅಷ್ಟೇ ಅಂತ ಬರೆದು ರುಜು ಹಾಕಿದ್ರಿ."

"ತಮ್ಮ ಓದ್ದ. ನಾನು ತಲೆಯಾಡಿಸ್ದೆ."

ಹೊರಗೆ ರದ್ದಿ ತುಂಬಿದ ಲಾರಿಯೊಂದು ತೂಕಕ್ಕೆ ಬಂದು ನಿಂತ ಸದ್ದು. ಅಶ್ವತ್ಥಪ್ಪನಿಗೆ ತಾನು ಕಲಿಸಿದ ಹುಡುಗನ ಮುಂದೆ, ತಾನು ಜೈಲಿಗೆ ಕಳಿಸಿದವನ ಹೆಂಡತಿಯ ಮುಂದೆ, ಅಂಗಿ ಕಳಚಿಕೊಂಡು ನಿಂತ ಹಾಗಾಯಿತು.

"ಓದು," ಎಂದ ಕೊನೆಗೆ.

ಆದಿನಾರಾಯಣ ಓದಿದ. "ಮಂಗಳವಾರ, ಹತ್ತು ಗಂಟೆ ಹತ್ತು ನಿಮಿಷ. ಮಾರಿಕುಪ್ಪಂಗೆ ಫೋನ್. ಬಿರುಕು, ವೆಲ್ಡಿಂಗ್, ಅಲುಗಾಟ ಎಲ್ಲ ತಿಳಿಸಿದೆ. ಮೂರು ದಿನ ಓಡಿಸಬಹುದು, ಭಯವಿಲ್ಲ ಎಂದು ಮೇಸ್ತ್ರಿ ಅಶ್ವತ್ಥಪ್ಪನವರು ಹೇಳಿದರು. ಹತ್ತೂವರೆಗೆ ಚಾಲೂ ಮಾಡಿದೆ."

ಹನ್ನೊಂದಕ್ಕೆ ಫ್ಯಾನು ಒಡೆದಿತ್ತು.

"ಇದನ್ನ ಪೊಲೀಸ್ನೋರಿಗೆ ಯಾಕೆ ಕೊಡ್ಲಿಲ್ಲ?"

"ನಿಮ್ಮ ಹೆಸರು ಇತ್ತಲ್ಲ ಸಾರ್," ಎಂದ ಆದಿನಾರಾಯಣ. "ಮಾರನೇ ದಿನ ನೀವೇ ಬಂದು ಆಂಜಿನಪ್ಪನದೇ ತಪ್ಪು ಅಂತ ಬರೆದುಕೊಟ್ರಿ. ಫೋನಿನ ವಿಷಯ ನೀವು ಎತ್ತಲೇ ಇಲ್ಲ. ಇದನ್ನ ಮುಚ್ಚಬೇಕು ಅಂತ ನಿಮಗೂ ಇದೆ ಅಂದ್ಕೊಂಡೆ. ನಿಮ್ಮ ಹೆಸರೂ ಉಳಿಯುತ್ತೆ, ನನ್ನ ಕೆಲಸಾನೂ ಉಳಿಯುತ್ತೆ ಅಂತ."

"ನನ್ ಹೆಸರು ಉಳಿಸೋಕೆ ಅವನನ್ನ ಒಳಗೆ ಕೂರಿಸಿದ್ಯಾ."

ಆದಿನಾರಾಯಣ ಅಳುತ್ತಿದ್ದ. ಅಶ್ವತ್ಥಪ್ಪನಿಗೆ ಅವನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ. ಸಿಟ್ಟಿಗೆ ಬೇಕಾದ ಯೋಗ್ಯತೆ ತನ್ನಲ್ಲಿ ಉಳಿದಿಲ್ಲ ಅನ್ನಿಸಿತು.

ಆದರೆ ಆ ಫೋನು ಅವನು ಎತ್ತಿರಲಿಲ್ಲ. ಆ ಮಂಗಳವಾರ ಅವನಿಗೆ ಚೆನ್ನಾಗಿ ನೆನಪಿತ್ತು. ಬೆಳಗಿನ ಬಸ್ಸಿಗೇ ಕಾಮಸಮುದ್ರಕ್ಕೆ ಹೋಗಿದ್ದ. ಕಣ್ಣಿಗೆ ಸೊಪ್ಪಿನ ರಸ ಬಿಡುವ ಅಕ್ಕಯ್ಯಮ್ಮನ ಜಗಲಿಯಲ್ಲಿ, ಕಣ್ಣಿಗೆ ಒದ್ದೆ ಬಟ್ಟೆ ಕಟ್ಟಿಸಿಕೊಂಡು ಮಧ್ಯಾಹ್ನದವರೆಗೂ ಅಂಗಾತ ಮಲಗಿದ್ದ. ಸಾಮಾನು ತರಲು ಹೋಗುತ್ತೇನೆ ಎಂದು ಮನೆಯಲ್ಲಿ ಸುಳ್ಳು ಹೇಳಿದ್ದ.

"ಫೋನಿನಾಗೆ ಗಂಟಲು ನಂದೇನಾ? ಸರಿಯಾಗಿ ಯೋಚ್ನೆ ಮಾಡಿ ಏಳು."

"ನಿಮ್ದೇ ಸಾರ್. ಅದೇ ಗಂಟಲು. ಓಡ್ಸಪ್ಪ, ಏನೂ ಆಗಲ್ಲ ಅಂದ್ರಿ."

ಊರಲ್ಲಿ ಎಷ್ಟೋ ಜನ ಕತ್ತಲಲ್ಲಿ ಅವನ ದನಿಗೂ ತಮ್ಮನ ದನಿಗೂ ವ್ಯತ್ಯಾಸ ತಿಳಿಯದೆ ಮೋಸಹೋಗಿದ್ದರು. ತಾಯಿಯೇ ಒಳಗಿನಿಂದ ಒಬ್ಬರನ್ನು ಕೂಗಿ ಇನ್ನೊಬ್ಬರಿಗೆ ಊಟ ಬಡಿಸಿದ್ದುಂಟು. ವರ್ಕ್‌ಶಾಪಿನ ಫೋನು ತಮ್ಮನ ಮೇಜಿನ ಮೇಲಿತ್ತು.

ಅಶ್ವತ್ಥಪ್ಪ ಬಾಯಿ ತೆರೆದ. ತಮ್ಮನ ಹೆಸರು ನಾಲಿಗೆ ತುದಿಗೆ ಬಂತು. ಅಲ್ಲೇ ನಿಂತಿತು. ಮಡಿಲಲ್ಲಿ ಕೂರಿಸಿಕೊಂಡು ಅಕ್ಷರ ತಿದ್ದಿಸಿದ್ದ ಹುಡುಗ ಅವನು. ಮುನಿಗಂಗಮ್ಮ ನೋಡುತ್ತಲೇ ಇದ್ದಳು. ಅವಳ ಗಂಡನ ಹೆಸರು ಹೇಳುವಾಗ ಇಷ್ಟು ತಡವಾಗಿರಲಿಲ್ಲ.

"ಪುಸ್ತಕ ತಗೋ," ಎಂದ ಆದಿನಾರಾಯಣನಿಗೆ. "ಠಾಣೆಗೆ ನಡಿ."

ಇನ್‌ಸ್ಪೆಕ್ಟರು ಬೇರೆ ಜಿಲ್ಲೆಯಿಂದ ವರ್ಗವಾಗಿ ಬಂದವರು, ತಾಳ್ಮೆಯ ಮನುಷ್ಯ. ಮೂವರನ್ನೂ ಒಟ್ಟಿಗೆ ನೋಡಿ ಪೆನ್ನು ಕೆಳಗಿಟ್ಟರು.

"ಸಾರ್, ಆಂಜಿನಪ್ಪನ ಚೀಲದಾಗೆ ಸಿಕ್ಕಿದ ಪಿನ್ನು ತರಿಸಿ," ಎಂದ ಅಶ್ವತ್ಥಪ್ಪ. "ಎಣಿಸ್ಬೇಕು."

ಪೇದೆ ಅರಗು ಹಚ್ಚಿದ ಬಟ್ಟೆಗಂಟು ತಂದ. ಇನ್‌ಸ್ಪೆಕ್ಟರು ಕತ್ತರಿಸಿದರು. ಅಶ್ವತ್ಥಪ್ಪ ಕೈಯಿಂದ ತಡವಿ ಒಂದೊಂದಾಗಿ ಮೇಜಿನ ಮೇಲೆ ನಿಲ್ಲಿಸಿದ. ಆಂಜಿನಪ್ಪ ಪ್ರತಿಯೊಂದಕ್ಕೂ ಎಣ್ಣೆ ಹಚ್ಚಿ, ಬೇರೆ ಬೇರೆ ಕಾಗದ ಸುತ್ತಿಟ್ಟಿದ್ದ. ಯಂತ್ರ ಹಾಳು ಮಾಡಲು ಹೊರಟವನು ಯಾರೂ ಹಾಗೆ ಸುತ್ತಿಡುವುದಿಲ್ಲ. ಎಂಟು ಪಿನ್ನು ಸಾಲಾಗಿ ನಿಂತವು.

"ಆ ಕಪ್ಲಿಂಗಿಗೆ ಇರೋದೇ ಎಂಟು ತೂತು ಸಾರ್. ಎಂಟೂ ಇಲ್ಲೇ ಇವೆ. ಅವ್ನು ಫ್ಯಾನ್ ಓಡ್ಬಾರ್ದು ಅಂತ ಕಿತ್ತಿದ್ದು. ಬೇರೆ ಬೋಲ್ಟು ಹಾಕಿ ಓಡಿಸವ್ರೆ. ರೆಕ್ಕೆ ಬಿರುಕು ಬಿಟ್ಟಿತ್ತು, ವೆಲ್ಡಿಂಗ್ ಮಾಡಿ ಮುಚ್ಚಿದ್ರು. ಅದೇ ಕಿತ್ಕೊಂಡ್ ಬಂದಿದೆ. ನಾನು ಬರ್ಕೊಟ್ಟಿದ್ದು ತಪ್ಪು."

"ತಪ್ಪು ಅಂದ್ರೆ?"

"ನಂಗೆ ಕಣ್ಣು ಕಾಣ್ತಿರ್ಲಿಲ್ಲ ಸಾರ್. ಕಾಣ್ತಿಲ್ಲ ಅಂತ ಏಳೋಕೆ ನಾಚ್ಕೆಯಾಗಿ, ಕಂಡಂಗೆ ಬರ್ಕೊಟ್ಟೆ."

ಅಶ್ವತ್ಥಪ್ಪ ತಿರುಗಿ ಮುನಿಗಂಗಮ್ಮನ ಕಡೆ ಕೈ ಮುಗಿದ. ಅವಳು ಮೇಜಿನ ಮೇಲಿನ ಪಿನ್ನುಗಳನ್ನು, ಅವುಗಳಿಗೆ ಗಂಡ ಸುತ್ತಿದ್ದ ಕಾಗದಗಳನ್ನು ನೋಡುತ್ತಿದ್ದಳು.

ಆದಿನಾರಾಯಣ ಲಾಗ್ ಪುಸ್ತಕ ಮುಂದಿಟ್ಟ. ಇನ್‌ಸ್ಪೆಕ್ಟರು ಆ ಪುಟವನ್ನು ಓದಿ, ಇನ್ನೊಮ್ಮೆ ಓದಿ, ಮೇಜಿನ ಖಾನೆಯಿಂದ ಬೇರೊಂದು ಕಾಗದ ತೆಗೆದು ಅದರ ಪಕ್ಕ ಇಟ್ಟರು. ಶಾಯಿ ಇನ್ನೂ ಹೊಸದು.

"ಈ ಪುಸ್ತಕ ಈಗ ಬಂತು. ಫೋನಿನ ವಿಷಯ ನನಗೆ ಒಂದು ಗಂಟೆ ಮುಂಚೇನೇ ಗೊತ್ತಾಯ್ತು," ಎಂದರು. "ನಿಮ್ಮ ತಮ್ಮ ಮುನಿನಾರಾಯಣಪ್ಪ ಬಸ್ಸಲ್ಲಿ ಬಂದು ತಾವಾಗೇ ಬರೆದುಕೊಟ್ಟು ಹೋದರು."

ಅಶ್ವತ್ಥಪ್ಪನಿಗೆ ಎದೆ ಹಗುರಾಯಿತು. ಒಪ್ಪಿಕೊಂಡಿದ್ದಾನೆ. ಹೆಸರು ಹೇಳುವ ಕಷ್ಟವನ್ನು ತಮ್ಮ ತನಗೆ ಬಿಟ್ಟಿಲ್ಲ.

ಇನ್‌ಸ್ಪೆಕ್ಟರು ಓದತೊಡಗಿದರು. "ಸದರಿ ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ನಾನು ವರ್ಕ್‌ಶಾಪಿನಲ್ಲಿಯೇ ಇದ್ದೆನು. ನಮ್ಮ ಅಣ್ಣ ಅಶ್ವತ್ಥಪ್ಪನವರು ನನ್ನ ಎದುರಿಗೇ ಫೋನ್ ತೆಗೆದುಕೊಂಡು, ಫ್ಯಾನು ಓಡಿಸಲು ಹೇಳಿದರು. ದೃಷ್ಟಿ ಹೋಗಿದೆ, ಹೋಗಿ ನೋಡಿ ಆಮೇಲೆ ಹೇಳೋಣವೆಂದು ನಾನು ಎಷ್ಟು ಬೇಡಿಕೊಂಡರೂ ಕೇಳಲಿಲ್ಲ."

ಯಾರೋ ಹೊರಗೆ ಸೈಕಲ್ ನಿಲ್ಲಿಸಿದರು. ಆದಿನಾರಾಯಣ ಕುರ್ಚಿಯ ಬೆನ್ನು ಹಿಡಿದುಕೊಂಡ.

"ಆವತ್ತು ಹತ್ತು ಗಂಟೆಗೆ ನೀವು ಎಲ್ಲಿದ್ರಿ ಮೇಸ್ತ್ರಿಗಳೇ?" ಎಂದರು ಇನ್‌ಸ್ಪೆಕ್ಟರು.

"ಕಾಮಸಮುದ್ರದಾಗೆ. ಅಕ್ಕಯ್ಯಮ್ಮ ಅಂತ, ಕಣ್ಣಿಗೆ ಔಷಧಿ ಬಿಡ್ತಾರೆ."

"ಹೂಂ." ಅವರು ಕಾಗದದ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. "ಅದನ್ನೂ ಬರೆದಿದ್ದಾರೆ. ನೀವು ಹಾಗೆ ಹೇಳಬಹುದು, ಆದರೆ ಆಕೆ ತೀರಿಕೊಂಡು ಇವತ್ತಿಗೆ ಎಂಟು ದಿನ ಅಂತ."

ಅಶ್ವತ್ಥಪ್ಪನ ಕೈ ಮೇಜಿನ ಅಂಚನ್ನು ಹುಡುಕಿತು. ಸಿಗಲಿಲ್ಲ. ಮೂರು ವಾರದ ಹಿಂದೆ ಎದ್ದು ಓಡಾಡುತ್ತಿದ್ದ ಹೆಂಗಸು. ಅವಳ ಹತ್ತಿರ ಹೋಗುವುದನ್ನು ಅವನು ಈ ಲೋಕದಲ್ಲಿ ಯಾರಿಗೂ ಹೇಳಿರಲಿಲ್ಲ.

ಅವನ ಮೊಣಕೈ ಹಿಡಿಯಲು ಈ ಸಲ ಯಾರೂ ಬರಲಿಲ್ಲ. ಮುನಿಗಂಗಮ್ಮ ಗೋಡೆಗೆ ಸರಿದು ನಿಂತಿದ್ದಳು.

"ಸಾಮಿ," ಎಂದಳು, "ಆ ಫೋನಿನಾಗೆ ಮಾತಾಡಿದ್ದು ನೀವೇನಾ?"